ಹಾಸಿಗೆಯಲ್ಲಿ ಮಲಗಿ ಪಾಠ ಹೇಳಿದ ಕೆಲೇರಾ

ಗಂಡನ ಮಣ್ಣಿನ ದಿನ ಕೆಲೇರಾ ಪಾದ್ರಿಯ ಮಾತನ್ನು ಅರ್ಧಕ್ಕೆ ನಿಲ್ಲಿಸಿದಳು. ಫಿಜಿಯ ಸಿಂಗಟೋಕಾ ಕಣಿವೆಯಲ್ಲಿ ಅದಕ್ಕೆ ಮೊದಲು ಯಾವ ಹೆಂಗಸೂ ಹಾಗೆ ಮಾಡಿದ್ದಿಲ್ಲ. ಈಗಲೂ ಆ ಮಾತು ಬಂದರೆ ಹಳ್ಳಿಯ ಮುದುಕಿಯರು ದನಿ ತಗ್ಗಿಸುತ್ತಾರೆ.

ಅವಳ ಗಂಡ ಸಾಮಿಸೋನಿ ಕಬ್ಬಿನ ರೈಲು ಓಡಿಸುತ್ತಿದ್ದವನು. ಹರೆಯದಲ್ಲಿ ಊರಿನ ರಗ್ಬಿ ತಂಡದ ಮುಂದಿನ ಸಾಲಿನಲ್ಲಿ ನಿಂತು ಹೋರಿಯ ಹಾಗೆ ನುಗ್ಗುತ್ತಿದ್ದವನು. ಕ್ಯಾನ್ಸರ್ ಅವನ ಬೆನ್ನುಮೂಳೆಗೆ ಇಳಿದ ಮೇಲೆ ಅದೇ ಆಳು ಹಾಸಿಗೆಯಲ್ಲಿ ಮಗ್ಗುಲು ಬದಲಿಸಲಾರದೆ ಬಿದ್ದಿದ್ದ. ಕೆಲೇರಾ ನರ್ಸು, ಯಾವ ಔಷಧಿ ಬೇಕೆಂದು ಅವಳಿಗೆ ಗೊತ್ತಿತ್ತು. ಆಸ್ಪತ್ರೆಯ ದೊಡ್ಡ ಡಾಕ್ಟರು ಮಾತ್ರ ಬೇಡವೆಂದು ತಲೆಯಾಡಿಸಿದರು. "ಮಾರ್ಫೀನ್ ಚಟ ಹಿಡಿಸುತ್ತೆ ಕೆಲೇರಾ. ಗಟ್ಟಿ ಆಳು, ತಡ್ಕೋತಾನೆ ಬಿಡು" ಎಂದು ತಲೆನೋವಿಗೆ ಕೊಡುವ ಪ್ಯಾನಡಾಲ್ ಮಾತ್ರೆ ಬರೆದುಕೊಟ್ಟರು. ಸಾಯುವವನಿಗೆ ಚಟ ಹಿಡಿದರೇನಾದೀತು ಎಂದು ಅವಳು ಕೇಳಿದಳು. ಡಾಕ್ಟರು ಮುಂದಿನ ರೋಗಿಯನ್ನು ಕರೆದರು.

ಮಣ್ಣಿನ ದಿನ ಚರ್ಚಿನ ತುಂಬ ಚಾಪೆ ಹಾಸಿ ಜನ ಕೂತಿದ್ದರು. ಪಾದ್ರಿ ಬೈಬಲ್ ಮುಚ್ಚಿ, ಕಣ್ಣೊರೆಸಿಕೊಂಡು, "ನಮ್ಮ ಸಾಮಿಸೋನಿ ನೋವನ್ನ ಹೇಗೆ ಸಹಿಸಿಕೊಂಡ ನೋಡಿ! ಒಂದು ಗೊಣಗಾಟ ಇಲ್ಲ. ದೇವರು ಪರೀಕ್ಷೆ ಮಾಡಿದ, ಅವನು ಪಾಸಾದ" ಎಂದರು.

ಕೆಲೇರಾ ಎದ್ದು ನಿಂತಳು. "ಸುಳ್ಳು."

ಹಿಂದೆ ಕೂತಿದ್ದ ನಾದಿನಿ ಅವಳ ಕಪ್ಪು ಅಂಗಿಯ ಅಂಚು ಹಿಡಿದು ಎಳೆದಳು. ಕೆಲೇರಾ ಕೈ ಕೊಡವಿದಳು. "ಪಾದ್ರಿಗಳೇ, ನೀವು ಎರಡು ಸಲ ಬಂದ್ರಿ. ಎರಡು ಸಲವೂ ಜಗಲಿ ಮೇಲೆ ಕೂತು ಚಹಾ ಕುಡಿದು ಹೋದ್ರಿ. ಒಳಗೆ ಅವನು ತಲೆದಿಂಬು ಕಚ್ಕೊಂಡು ಕೂಗ್ತಿದ್ದ. ನಾಯಿ ಕೂಗೋ ಹಾಗೆ ಕೂಗ್ತಿದ್ದ. ಸಹಿಸ್ಕೊಂಡ ಅಂತ ಹೇಳ್ಬೇಡಿ. ಅವನಿಗೆ ಬೇರೆ ದಾರಿ ಯಾರೂ ಕೊಡ್ಲಿಲ್ಲ, ಅಷ್ಟೇ."

ಹಾಡುವವರು ಎದ್ದು, ತಮಗೆ ಸೂಚನೆ ಬರುವ ಮೊದಲೇ ಹಾಡಲು ಶುರುಮಾಡಿ ಅವಳ ಮಾತನ್ನು ಮುಳುಗಿಸಿದರು.

ಆ ಕಾಲಕ್ಕೆ ಕೆಲೇರಾ ಕಣಿವೆಯ ಬಾಯಲ್ಲಿರುವ ಒಂದು ಸಣ್ಣ ಮಿಷನ್ ನರ್ಸಿಂಗ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಹುಡುಗಿಯರು ಬೆನ್ನ ಹಿಂದೆ ಅವಳನ್ನು ರೋಕೆತೆ ಎಂದು ಕರೆಯುತ್ತಿದ್ದರು. ರೋಕೆತೆ ಎಂದರೆ ಅಲ್ಲಿಯ ಮೆಣಸಿನಕಾಯಿ. ಉಗುರಿನಷ್ಟು ಗಾತ್ರ, ಕಿವಿಯಲ್ಲಿ ಹೊಗೆ ಬರುವಷ್ಟು ಖಾರ. ಗಂಡ ಹೋದ ಮೇಲೆ ಆ ಖಾರ ಇನ್ನೂ ಏರಿತು. ಕೆಲಸಕ್ಕೆ ಮರಳಿದ ಮೊದಲ ದಿನವೇ ಅವಳು ಪ್ರಿನ್ಸಿಪಾಲರ ಕೋಣೆಗೆ ನುಗ್ಗಿ, ಉಪಶಮನ ಆರೈಕೆಯ ಪಾಠ ತನಗೆ ಬೇಕೆಂದಳು. ವಾಸಿಯಾಗದ ರೋಗಿಯ ನೋವು ಇಳಿಸಿ, ಕೊನೆಯ ತನಕ ಜೊತೆಗಿದ್ದು ನೋಡಿಕೊಳ್ಳುವ ವಿದ್ಯೆ ಅದು. ಮೂರು ವರ್ಷದ ಓದಿನಲ್ಲಿ ಅದಕ್ಕೆ ಇಟ್ಟಿದ್ದು ಎರಡೇ ತಾಸು.

ಪ್ರಿನ್ಸಿಪಾಲ್ ಅಲುಮೀತಾ ಒಳ್ಳೆಯ ಹೆಂಗಸು, ಜಗಳವೆಂದರೆ ಆಗದು. "ಎರಡು ತಾಸು ಸಾಲದಾ ಕೆಲೇರಾ? ಹೇಗೂ ನಮ್ಮ ಹುಡುಗೀರು ಪ್ರಾರ್ಥನೆ ಚೆನ್ನಾಗಿ ಮಾಡ್ತಾರೆ."

"ಹೆರಿಗೆ ಕಲಿಸೋಕೂ ಪ್ರಾರ್ಥನೆ ಸಾಕು ಅಂತೀರಾ? ಹುಟ್ಟೋದಕ್ಕೆ ಅರ್ಧ ವರ್ಷ, ಸಾಯೋದಕ್ಕೆ ಎರಡು ತಾಸು. ಹುಟ್ಟದೇ ಇರೋ ರೋಗಿ ಸಿಗಬಹುದು ನಿಮಗೆ, ಸಾಯದೇ ಇರೋ ರೋಗಿ ಎಲ್ಲಿ ಸಿಗ್ತಾನೆ, ತೋರಿಸಿ."

ಹುಟ್ಟದೇ ಇರುವ ರೋಗಿ ಎಂದರೇನೆಂದು ಅಲುಮೀತಾ ಯೋಚಿಸುತ್ತಿರುವಾಗಲೇ ಕೆಲೇರಾ ವಾರಕ್ಕೊಂದು ತರಗತಿ ಕಿತ್ತುಕೊಂಡು ಹೊರಬಿದ್ದಿದ್ದಳು.

ಅಭ್ಯಾಸದ ಕೋಣೆಯಲ್ಲಿ ನ್ಯೂಜಿಲೆಂಡಿನವರು ದಾನವಾಗಿ ಕೊಟ್ಟ ರಬ್ಬರಿನ ಬೊಂಬೆಯೊಂದು ಮಂಚದ ಮೇಲೆ ಮಲಗಿರುತ್ತಿತ್ತು. ಹುಡುಗಿಯರು ಅದಕ್ಕೆ ಸೂಜಿ ಚುಚ್ಚುತ್ತಿದ್ದರು, ಬ್ಯಾಂಡೇಜು ಸುತ್ತುತ್ತಿದ್ದರು, ಮೈ ಒರೆಸುತ್ತಿದ್ದರು. ಕೆಲೇರಾ ಮೊದಲ ದಿನವೇ ಬೊಂಬೆಯನ್ನು ಕಾಲು ಹಿಡಿದು ಎಳೆದು ಮೂಲೆಯಲ್ಲಿ ನಿಲ್ಲಿಸಿದಳು. "ಇದು ಬೈಯಲ್ಲ, ಅಳಲ್ಲ, ನಾರಲ್ಲ. ಇದರ ಹತ್ರ ಕಲಿಯೋದು ಏನಿದೆ?" ಎಂದು ಚಪ್ಪಲಿ ಬಿಟ್ಟು, ತಾನೇ ಮಂಚ ಹತ್ತಿ ಮಲಗಿ, ದುಪ್ಪಟಿ ಎದೆತನಕ ಎಳೆದುಕೊಂಡಳು.

"ನಾನೊಬ್ಬಳು ಮುದುಕಿ. ಹೊಟ್ಟೇಲಿ ಗಡ್ಡೆ. ವಾಸಿಯಾಗಲ್ಲ. ಒಬ್ಬೊಬ್ಬರೇ ಬನ್ನಿ, ಮಾತಾಡಿಸಿ."

ಹುಡುಗಿಯರು ಒಬ್ಬರನ್ನೊಬ್ಬರು ತಳ್ಳಿದರು. ಕೊನೆಗೆ ಧೈರ್ಯ ಮಾಡಿ ಮುಂದೆ ಬಂದ ಹುಡುಗಿ ಹಲ್ಲು ಬಿಟ್ಟು, "ಹೇಗಿದ್ದೀರಾ ಬೂಬೂ?" ಎಂದಳು. ಅಲ್ಲಿ ಅಜ್ಜಿಗೆ ಬೂಬೂ ಎನ್ನುತ್ತಾರೆ.

"ಹೇಗಿರ್ತೀನಿ? ನೋವಲ್ಲಿ ಸಾಯ್ತಿದ್ದೀನಿ! ಹಲ್ಲು ಯಾಕೆ ಬಿಡ್ತೀಯ? ಮದುವೆಗೆ ಬಂದಿದ್ದೀಯಾ?" ಎಂದು ಕೆಲೇರಾ ಕೂಗಿದ ಕೂಗಿಗೆ ಹೊರಗೆ ಹುಲ್ಲು ಕತ್ತರಿಸುತ್ತಿದ್ದವನು ಯಂತ್ರ ನಿಲ್ಲಿಸಿದ.

ಇನ್ನೊಬ್ಬಳು ಬಂದು, "ದೇವರಿದ್ದಾನೆ ಬೂಬೂ, ಬೇಗ ವಾಸಿಯಾಗ್ತೀರಾ" ಎಂದಳು.

"ಸುಳ್ಳು ಬೊಗಳಬೇಡ! ನಾನು ಸಾಯ್ತಿದ್ದೀನಾ ಇಲ್ವಾ, ಹೇಳು."

ಹುಡುಗಿ ಅತ್ತುಬಿಟ್ಟಳು. ಕೆಲೇರಾ ಎದ್ದು ಕೂತು, ಮೂಗು ಒರೆಸಿಕೊಳ್ಳಲು ದುಪ್ಪಟಿಯ ತುದಿ ಕೊಟ್ಟು, "ಅಳು, ಅಡ್ಡಿಯಿಲ್ಲ. ಆದರೆ ಅಳ್ತಾ ಅಳ್ತಾ ಇಲ್ಲೇ ನಿಂತ್ಕೋ. ಓಡಿ ಹೋಗೋಳು ನರ್ಸಲ್ಲ. ಎಲ್ಲಿ ನೋವು, ಎಷ್ಟು ನೋವು, ಎಷ್ಟು ಹೊತ್ತಿನಿಂದ ಅಂತ ಕೇಳು. ಕೇಳಿ, ನಂಬು. ರೋಗಿ ನೋವು ಅಂದ್ರೆ ನೋವೇ. ಅದನ್ನ ಅಳೆಯೋ ಯಂತ್ರ ಯಾರ ಹತ್ರಾನೂ ಇಲ್ಲ" ಎಂದಳು.

ಆ ಗುಂಪಿನಲ್ಲಿ ಶಲೇಷ್ನಿ ಎಂಬ ಹುಡುಗಿ ಇದ್ದಳು, ಸಿಂಗಟೋಕಾದ ಬಸ್ ಡ್ರೈವರನ ಮಗಳು. ಅವಳ ಸರದಿ ಬಂದಾಗ ಮಂಚದ ಪಕ್ಕ ನಿಂತು ಕಿಸಕ್ಕನೆ ನಕ್ಕಳು. ಕೆಲೇರಾ ನರಳಿದಷ್ಟೂ ಅವಳ ನಗು ಹೆಚ್ಚಾಯಿತು. ಬಾಯಿ ಮುಚ್ಚಿಕೊಂಡರೂ ಭುಜ ಕುಣಿಯುತ್ತಿತ್ತು.

"ಆಚೆ ಹೋಗು."

"ಸಿಸ್ಟರ್, ಬೇಕು ಅಂತ ನಗ್ತಿಲ್ಲ..."

"ಆಚೆ ಹೋಗು ಅಂದೆ! ನಿನಗೆ ಈ ಕೆಲಸ ಬೇಡ. ಟಿಕೆಟ್ ಹರಿಯೋಕೆ ಹೋಗು, ನಿಮ್ಮಪ್ಪನ ಬಸ್ಸಲ್ಲಿ."

ಶಲೇಷ್ನಿ ಹೋದಳು; ಬಾಗಿಲಾಚೆ ನಿಂತು, ತರಗತಿ ಮುಗಿಯುವ ತನಕ ಕಿಟಕಿಯಿಂದ ಕೇಳಿಸಿಕೊಂಡಳು. ಮುಂದಿನ ವಾರ ಎಲ್ಲರಿಗಿಂತ ಮೊದಲು ಬಂದು ಕೂತಳು. ಅವಳ ನಗು ಹೆದರಿಕೆಯದೆಂದು ಕೆಲೇರಾಳಿಗೆ ಆಮೇಲೆ ತಿಳಿಯಿತು. ಆದರೂ ಕ್ಷಮೆ ಕೇಳುವ ಅಭ್ಯಾಸ ಅವಳಿಗಿರಲಿಲ್ಲ. ಮೊದಲ ಸಾಲಿನಲ್ಲಿ ಕೂರಿಸಿದಳು, ಅಷ್ಟೇ.

ಎರಡನೆಯ ವರ್ಷ ಹುಡುಗಿಯರನ್ನು ಆಸ್ಪತ್ರೆಯ ವಾರ್ಡುಗಳಿಗೆ ಹಂಚಿದರು. ಶಲೇಷ್ನಿಗೆ ಹೆಂಗಸರ ವಾರ್ಡು ಬಂತು. ಅಲ್ಲಿ ಸುಖರಾಜಿ ಎಂಬ ಭಾರತ ಮೂಲದ ಮುದುಕಿ ಮಲಗಿದ್ದಳು. ನಲವತ್ತು ವರ್ಷ ಸಿಂಗಟೋಕಾ ಮಾರ್ಕೆಟ್ಟಿನಲ್ಲಿ ಟೊಮೇಟೊ, ಸೊಪ್ಪು ಮಾರಿದವಳು. ಗಿರಾಕಿಗಳ ಜೊತೆ ಹಿಂದಿ, ಫಿಜಿ ಎರಡು ಭಾಷೆಗಳಲ್ಲೂ ಜಗಳವಾಡಿದವಳು. ಗರ್ಭಕೋಶದ ಕ್ಯಾನ್ಸರ್ ಸೊಂಟಕ್ಕೆ ಹಬ್ಬಿ ಈಗ ಜಗಳವಾಡುವ ತ್ರಾಣವೂ ಇರಲಿಲ್ಲ. ಹೊಸದಾಗಿ ಬಂದ ಡಾಕ್ಟರು ನಾಲ್ಕು ತಾಸಿಗೊಮ್ಮೆ ಮಾರ್ಫೀನ್ ಸಿರಪ್ ಕೊಡಬೇಕೆಂದು ಬರೆದಿದ್ದರು. ಔಷಧಿ ಬೀರುವಿನಲ್ಲಿತ್ತು. ಬೀರುವಿನ ಕೀಲಿ ವಾರ್ಡ್ ಸಿಸ್ಟರ್ ಮಾಕೆರೇತಾಳ ಸೊಂಟದಲ್ಲಿತ್ತು. ಮಾಕೆರೇತಾ ಔಷಧಿ ಕೊಡುತ್ತಿದ್ದುದು ಮುದುಕಿ ಬಾಯಿಬಿಟ್ಟು ಕೇಳಿದಾಗ ಮಾತ್ರ. ಕೇಳಿದಾಗಲೂ ಎಲ್ಲ ಸಲ ಅಲ್ಲ.

ಸುಖರಾಜಿಯ ಮಗ ತಾಯಿಗೆ ಹೇಳಿಹೋಗಿದ್ದ, "ಅದು ಅಫೀಮು ಅಮ್ಮ, ಕೇಳ್ಬೇಡ." ಅವಳು ಕೇಳುತ್ತಿರಲಿಲ್ಲ. ಮಂಚದ ಕಂಬಿ ಹಿಡಿದುಕೊಂಡು ಮಲಗಿರುತ್ತಿದ್ದಳು. ಬೆರಳ ಗೆಣ್ಣುಗಳು ಬೆಳ್ಳಗಾಗಿರುತ್ತಿದ್ದವು.

ಒಂದು ಮಧ್ಯಾಹ್ನ ಶಲೇಷ್ನಿ ಅವಳ ಪಕ್ಕ ಮಂಡಿಯೂರಿ ಕೇಳಿದಳು. "ಆಜಿ, ಎಲ್ಲಿ ನೋಯ್ತಿದೆ?"

"ಎಲ್ಲಿ ನೋಯ್ತಿಲ್ಲ ಅಂತ ಕೇಳು ಮಗಾ. ಬೇಗ ಹೇಳಿ ಮುಗಿಸ್ತೀನಿ."

ಶಲೇಷ್ನಿ ಎದ್ದು ಸೀದಾ ಹೋಗಿ ಮಾಕೆರೇತಾಳ ಮೇಜಿನ ಮುಂದೆ ನಿಂತಳು. ಔಷಧಿಯ ಹೊತ್ತು ಮೀರಿದೆ ಎಂದಳು. ರೋಗಿ ಕೇಳಿಲ್ಲವಲ್ಲ ಎಂದಳು ಮಾಕೆರೇತಾ. ಕೇಳಬೇಕಾಗಿಲ್ಲ, ಹೊತ್ತಿಗೆ ಸರಿಯಾಗಿ ಕೊಡಬೇಕು ಎಂದಳು ಹುಡುಗಿ. ನನಗೆ ಪಾಠ ಹೇಳ್ತೀಯಾ ಎಂದಳು ಮಾಕೆರೇತಾ. ಆಗ ಶಲೇಷ್ನಿಯ ತಾಳ್ಮೆ ತಪ್ಪಿತು. ವಾರ್ಡಿನ ನಡುವೆ ನಿಂತು, ಮಲಗಿದವರೆಲ್ಲ ತಲೆ ಎತ್ತುವ ಹಾಗೆ ಕೂಗಿದಳು. "ಸೊಂಟಕ್ಕೆ ಕೀಲಿ ಕಟ್ಕೊಂಡು ಇನ್ನೊಬ್ಬರ ಸೊಂಟ ನೋಯೋದನ್ನ ನೋಡ್ತಾ ಕೂತಿದ್ದೀರಲ್ಲ, ನಾಚ್ಕೆ ಆಗಲ್ವಾ ನಿಮಗೆ?"

ಸಂಜೆಯೊಳಗೆ ದೂರು ಶಾಲೆಗೆ ಬಂತು. ಹುಡುಗಿಯನ್ನು ಮನೆಗೆ ಕಳಿಸಬೇಕೆಂದು ಆಸ್ಪತ್ರೆಯವರು ಹಟ ಹಿಡಿದರು.

ಕೆಲೇರಾ ಹಾಸ್ಟೆಲಿಗೆ ಹೋದಾಗ ಶಲೇಷ್ನಿ ಪೆಟ್ಟಿಗೆ ತುಂಬುತ್ತಿದ್ದಳು. ಸಿಸ್ಟರ್ ಬೆನ್ನು ತಟ್ಟುತ್ತಾರೆಂದು ಆ ಹುಡುಗಿ ಅಂದುಕೊಂಡಿದ್ದಿರಬೇಕು. ಕೆಲೇರಾ ಬಾಗಿಲಲ್ಲೇ ಶುರುಮಾಡಿದಳು. "ಬುದ್ಧಿ ಇದೆಯೇನೇ ನಿನಗೆ? ರೋಗಿ ಮುಂದೆ ಕೂಗಾಡ್ತಾರಾ?"

"ನೀವೇ ಕೂಗ್ತೀರಲ್ಲ ಸಿಸ್ಟರ್..."

"ನಾನು ರೋಗಿ ಆಗಿ ಕೂಗ್ತೀನಿ! ನರ್ಸಾಗಿ ಯಾವತ್ತು ಕೂಗಿದ್ದೀನಿ? ಆ ಮುದುಕಿ ಈಗ ಏನು ಅಂದ್ಕೊಂಡಿರ್ತಾಳೆ ಗೊತ್ತಾ? ತನ್ನಿಂದ ಒಂದು ಹುಡುಗಿ ಓದು ಹಾಳಾಯ್ತು ಅಂತ. ಇನ್ನು ಮೇಲೆ ಆ ಔಷಧಿ ಕೇಳ್ತಾಳಾ ಅವಳು? ಸತ್ರೂ ಕೇಳಲ್ಲ."

ಶಲೇಷ್ನಿಯ ಕೈಲಿದ್ದ ಬಟ್ಟೆ ಕೆಳಗೆ ಬಿತ್ತು. ಆ ಯೋಚನೆಯೇ ಅವಳಿಗೆ ಬಂದಿರಲಿಲ್ಲ.

"ನೀನು ಹೇಳಿದ್ದು ಸರಿ, ಹೇಳಿದ ಜಾಗ ತಪ್ಪು" ಎಂದು ಕೆಲೇರಾ ಪೆಟ್ಟಿಗೆಯನ್ನು ಕಾಲಿನಿಂದ ಮಂಚದಡಿ ತಳ್ಳಿದಳು. "ಬಟ್ಟೆ ತೆಗೆದಿಡು. ನಾನು ಬದುಕಿರೋ ತನಕ ನೀನು ಮನೆಗೆ ಹೋಗಲ್ಲ."

ಅಲುಮೀತಾ ಸಂಧಾನದ ದಾರಿ ಹುಡುಕಿದರು. ತಪ್ಪು ಮಾಡಿದವರು, ಅರೆದು ನೀರಲ್ಲಿ ಕಲಸಿ ಕುಡಿಯುವ ಯಂಗೋನಾ ಬೇರಿನ ಕಟ್ಟು ಒಯ್ದು, ನೆಲದ ಮೇಲೆ ಕೂತು, ತಪ್ಪೊಪ್ಪಿಕೊಂಡು ಕೊಡುವುದು ಅಲ್ಲಿನ ಹಿಂದಿನಿಂದ ಬಂದ ಪದ್ಧತಿ. ಎದುರಿನವರು ಆ ಕಟ್ಟನ್ನು ಮುಟ್ಟಿದರೆ ಜಗಳ ಅಲ್ಲಿಗೆ ಮುಗಿಯಿತು. ಮತ್ತೆ ಎತ್ತುವ ಹಾಗಿಲ್ಲ. ಹುಡುಗಿಯ ಪರವಾಗಿ ಕೆಲೇರಾ ಹೋಗಿ ಮಾಕೆರೇತಾಳಿಗೆ ಕಟ್ಟು ಒಪ್ಪಿಸಬೇಕೆಂದು ತೀರ್ಮಾನವಾಯಿತು. ಅಷ್ಟು ಜನರ ಮುಂದೆ ಕೆಲೇರಾ ಬಾಗುವಳೇ ಎಂದು ಶಾಲೆಯೆಲ್ಲ ಪಿಸುಗುಟ್ಟಿತು. ಕೆಲೇರಾ ತಕರಾರು ಮಾಡದೆ ಹೂಂ ಎಂದಳು. ಅಲುಮೀತಾರಿಗೆ ಆಗಲೇ ಅನುಮಾನ ಬರಬೇಕಿತ್ತು.

ಮರುದಿನ ಬೆಳಿಗ್ಗೆ ಕೆಲೇರಾ ಇಸ್ತ್ರಿ ಮಾಡಿದ ಬಿಳಿ ಬಟ್ಟೆ ಉಟ್ಟು, ಪತ್ರಿಕೆಯಲ್ಲಿ ಸುತ್ತಿದ ಬೇರಿನ ಕಟ್ಟು ಎದೆಗವಚಿಕೊಂಡು ಆಸ್ಪತ್ರೆಗೆ ಹೋದಳು. ಹಿಂದೆ ಶಲೇಷ್ನಿ, ಅವಳ ಹಿಂದೆ ಅಲುಮೀತಾ. ಮಾಕೆರೇತಾ ತನ್ನ ಕೋಣೆಯಲ್ಲಿ ಚಾಪೆ ಹಾಸಿ, ಇನ್ನಿಬ್ಬರು ಹಿರಿಯ ನರ್ಸುಗಳನ್ನು ಸಾಕ್ಷಿಗೆ ಕೂರಿಸಿಕೊಂಡು ಕಾಯುತ್ತಿದ್ದಳು. ಕೆಲೇರಾ ಆ ಬಾಗಿಲಿನ ಮುಂದೆ ಕ್ಷಣ ನಿಂತಳು. ಒಳಗೆ ಹೋಗಲಿಲ್ಲ. ನೇರ ವಾರ್ಡಿಗೆ ನಡೆದಳು.

ಸುಖರಾಜಿಯ ಮಂಚದ ಪಕ್ಕ, ತಣ್ಣಗಿನ ಸಿಮೆಂಟಿನ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕಟ್ಟನ್ನು ಮುಂದಿಟ್ಟು, ಪದ್ಧತಿಯಂತೆ ಅಂಗೈ ಗುಳಿಮಾಡಿ ಗಂಭೀರವಾಗಿ ಚಪ್ಪಾಳೆ ತಟ್ಟಿದಳು.

"ಅಮ್ಮಾ, ನಾವು ನರ್ಸುಗಳು. ನಿಮಗೆ ಔಷಧಿ ಬರೆದಿತ್ತು, ಬೀರುವಲ್ಲಿ ಇತ್ತು, ನಾವು ಕೊಡಲಿಲ್ಲ. ನೀವು ನೋವು ತಿಂತಾ ಇದ್ದಾಗ ನಾವು ಚಹಾ ಕುಡೀತಿದ್ವಿ. ಇದು ನಮ್ಮ ತಪ್ಪು. ಈ ಕಟ್ಟು ನಿಮಗೆ. ಒಪ್ಪಿಸ್ಕೊಳ್ಳಿ."

ಅವಳ ದನಿಯಲ್ಲಿ ಬೇಡಿಕೆ ಇರಲಿಲ್ಲ. ಕೋಪವಿತ್ತು. ಮುದುಕಿ ತಲೆ ಹೊರಳಿಸಿ ಅವಳನ್ನು ನೋಡಿದಳು. ಜೀವಮಾನವೆಲ್ಲ ಫಿಜಿಯ ಜನರ ನಡುವೆ ಬಾಳಿದವಳು. ಎದುರಿಗಿರುವುದು ಏನೆಂದು ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಕಂಬಿ ಬಿಟ್ಟು, ಕೈ ಕೆಳಗೆ ಚಾಚಿ, ಬೆರಳ ತುದಿಯಿಂದ ಕಟ್ಟನ್ನು ಮುಟ್ಟಿದಳು. ಆಮೇಲೆ ಫಿಜಿ ಭಾಷೆಯಲ್ಲೇ ಹೇಳಿದಳು. "ಮುಟ್ಟಿದೆ. ಆದರೆ ನಾನು ಯಂಗೋನಾ ಕುಡಿಯಲ್ಲ ಕಣಮ್ಮ. ಇದರ ಬದಲು ಆ ಸಿರಪ್ ಕೊಟ್ಟಿದ್ರೆ ಆಗ್ತಿತ್ತು."

ಯಾರೋ ನಕ್ಕರು. ಬಾಗಿಲಲ್ಲಿ ಬಂದು ನಿಂತಿದ್ದ ಮಾಕೆರೇತಾಳ ಮುಖ ಕಪ್ಪಿಟ್ಟಿತು. ಸೊಂಟದ ಕೀಲಿ ಕಿತ್ತು ಕೆಲೇರಾಳ ಮಡಿಲಿಗೆ ಎಸೆದಳು. "ತಗೋ! ನೀನೇ ಕೊಡು. ನೀನು ಪಾಠ ಹೇಳ್ಕೊಂಡು ಓಡಾಡೋಳು. ಹೋದ ಸಲ ಮಾರ್ಫೀನ್ ಬಾಟಲಿ ಒಂದು ಕಾಣದೇ ಹೋದಾಗ ಪೊಲೀಸರು ನನ್ನ ಮನೇಲಿ ಅಕ್ಕಿ ಡಬ್ಬಿ ಸುರಿದು ನೋಡಿದ್ರು. ನನ್ನ ಮಕ್ಕಳ ಮುಂದೆ! ಆಗ ಎಲ್ಲಿದ್ದೆ ನೀನು? ಯಾರು ಬಂದು ನನ್ನ ಪಕ್ಕ ನಿಂತ್ರು?"

ಕೆಲೇರಾಳಿಗೆ ಅದು ಗೊತ್ತಿರಲಿಲ್ಲ. ಬಾಟಲಿ ಆಮೇಲೆ ಬೇರೆ ವಾರ್ಡಿನಲ್ಲಿ ಸಿಕ್ಕಿತ್ತಂತೆ; ಮಾಕೆರೇತಾಳ ಬಳಿ ಯಾರೂ ಬಂದು ಅದನ್ನು ಹೇಳಿರಲಿಲ್ಲವಂತೆ. ಆ ಹೊತ್ತಿನಲ್ಲಿ ಕೆಲೇರಾಳಿಗೆ ಮಾಕೆರೇತಾಳ ಮೇಲಿನ ಸಿಟ್ಟು ಇಳಿಯಲಿಲ್ಲ. ಆದರೆ ಅದರ ಅರ್ಧ ಎದ್ದು ಇನ್ನೊಂದು ಕಡೆ ತಿರುಗಿತು. ನೋವಿಗೆ ಮದ್ದು ತರಿಸಿಟ್ಟು, ಅದನ್ನು ಕೊಡುವವಳನ್ನು ಕಳ್ಳಿಯಂತೆ ನೋಡುವವರ ಕಡೆ, ಅವರು ಕೂರುವ ತಂಪು ಕೋಣೆಗಳ ಕಡೆ.

ಅವಳು ಎದ್ದು ಕೀಲಿಯನ್ನು ಮಾಕೆರೇತಾಳ ಕೈಗೆ ಮರಳಿ ಇಟ್ಟಳು. "ಇದು ನಿನ್ನ ವಾರ್ಡು. ನೀನೇ ಕೊಡ್ಬೇಕು. ನಾನು ಪಕ್ಕದಲ್ಲಿ ನಿಂತು ಸಹಿ ಹಾಕ್ತೀನಿ. ಲೆಕ್ಕ ತಪ್ಪಿದ್ರೆ ನನ್ನ ಮನೆ ಅಕ್ಕಿ ಡಬ್ಬೀನೂ ಸುರೀಲಿ."

"ನಿನ್ನ ಸಹಿ ಯಾರಿಗೆ ಬೇಕು" ಎಂದು ಮಾಕೆರೇತಾ ಗೊಣಗಿದಳು. ಆದರೂ ಬೀರು ತೆರೆದಳು. ಅವಳು ಸಿರಪ್ ಸುರಿಯುವಾಗ ಅಳತೆಯ ಬಟ್ಟಲನ್ನು ಕೆಲೇರಾ ಹಿಡಿದಳು. ಸುಖರಾಜಿ ಕಹಿಗೆ ಮುಖ ಹಿಂಡಿ ಕುಡಿದಳು. ಸ್ವಲ್ಪ ಹೊತ್ತಾದ ಮೇಲೆ ಮುಖ ಸಡಿಲಾಯಿತು. ಎಷ್ಟೋ ದಿನಗಳಿಂದ ಮಗ್ಗುಲಾಗದವಳು ತಾನಾಗಿ ಗೋಡೆಯ ಕಡೆ ಹೊರಳಿ ನಿದ್ದೆಹೋದಳು.

ಅಂದಿನಿಂದ ಔಷಧಿ ಹೊತ್ತಿಗೆ ಸರಿಯಾಗಿ ಸಿಕ್ಕಿತು. ನೋವು ತಗ್ಗಿದ ಮೇಲೆ ಮುದುಕಿಗೆ ನಾಲಿಗೆ ಮರಳಿತು. ಆಸ್ಪತ್ರೆಯ ಸಾರು ನೀರೆಂದು ಬೈದಳು, ಸೊಸೆ ತಂದ ರೊಟ್ಟಿ ದಪ್ಪವೆಂದು ಬೈದಳು. ಮಗನನ್ನು ಹತ್ತಿರ ಕರೆದು, ಅಫೀಮಿನ ಮಾತೆತ್ತಿದರೆ ಮಾರ್ಕೆಟ್ಟಿನ ಕಟ್ಟೆಯನ್ನು ಅವನ ಹೆಸರಿಗೆ ಬಿಡುವುದಿಲ್ಲ ಎಂದು ಹೆದರಿಸಿದಳು. ಆಸ್ಪತ್ರೆಯವರು ಸಿರಪ್ಪಿನ ಬಾಟಲಿ ಕೈಗೆ ಕೊಟ್ಟು ಅವಳನ್ನು ಮನೆಗೆ ಕಳಿಸಿದರು. ಕೆಲವು ವಾರಗಳ ನಂತರ ತನ್ನ ಮನೆಯಲ್ಲೇ, ಒಂದು ಮಧ್ಯಾಹ್ನ, ಸೊಸೆ ತಲೆಗೆ ಎಣ್ಣೆ ಹಚ್ಚುತ್ತಿರುವಾಗ ತೀರಿಹೋದಳು.

ಶಲೇಷ್ನಿಯನ್ನು ಮನೆಗೆ ಕಳಿಸಲಿಲ್ಲ. ನೊಂದ ಮುದುಕಿಯೇ ಕಟ್ಟನ್ನು ಮುಟ್ಟಿಯಾಗಿತ್ತು, ಮತ್ತೆ ಜಗಳ ಎತ್ತುವುದು ಆಸ್ಪತ್ರೆಯವರಿಗೂ ಆಗಲಿಲ್ಲ. ಆದರೆ ಕೆಲೇರಾಳ ಲೆಕ್ಕ ಚುಕ್ತಾ ಮಾಡದೆ ಬಿಡಲಿಲ್ಲ. ಅವಳ ಪಾಠದಿಂದ ಹುಡುಗಿಯರಿಗೆ ಉದ್ಧಟತನ ಬರುತ್ತದೆ, ಪದ್ಧತಿಯನ್ನು ಅವಳು ಹಾಸ್ಯಮಾಡಿದಳು ಎಂದು ಶಾಲೆಯ ಆಡಳಿತದವರು ಆ ತರಗತಿಯನ್ನು ಕಿತ್ತುಕೊಂಡರು. ಮತ್ತೆ ಎರಡು ತಾಸಿಗೆ ಇಳಿಸಿ, ಪರದೆಯ ಮೇಲೆ ಚಿತ್ರ ತೋರಿಸಿ ಓದಿ ಹೇಳುವ ಒಬ್ಬ ಮೆತ್ತನೆಯ ಯುವಕನಿಗೆ ಕೊಟ್ಟರು. ಕೆಲೇರಾಳಿಗೆ ಮಕ್ಕಳ ಲಸಿಕೆಯ ಪಾಠ ಬಂತು.

ಅವಳು ಅಲುಮೀತಾರ ಕೋಣೆಗೆ ಹೋದಳು. ಅಲುಮೀತಾ ಮೊದಲೇ ಎರಡು ಕೈ ಎತ್ತಿದರು. "ನನ್ನ ಕೈಲಿ ಇರ್ಲಿಲ್ಲ ಕೆಲೇರಾ. ನಿನ್ನ ವಿದ್ಯೆ ಬಗ್ಗೆ ಯಾರಿಗೂ ತಕರಾರಿಲ್ಲ. ಸಿಟ್ಟು ಒಂದು ಬಿಟ್ಟಿದ್ರೆ..."

"ಯಾರ ಕೈಲೂ ಇರಲ್ಲ ಈ ಊರಲ್ಲಿ" ಎಂದಳು ಕೆಲೇರಾ. "ಡಾಕ್ಟರ ಕೈಲಿರ್ಲಿಲ್ಲ, ಮಾಕೆರೇತಾ ಕೈಲಿರ್ಲಿಲ್ಲ, ನಿಮ್ಮ ಕೈಲೂ ಇರ್ಲಿಲ್ಲ. ಹಾಗಾದ್ರೆ ನಿಮ್ಮೆಲ್ಲರಿಗೂ ದೇವರು ಕೈ ಯಾಕೆ ಕೊಟ್ಟ?" ಬಾಗಿಲನ್ನು ಹಾಕಿದ ರಭಸಕ್ಕೆ ಗೋಡೆಯ ಕ್ಯಾಲೆಂಡರು ಬಿತ್ತು.

ಲಸಿಕೆಯ ಪಾಠವನ್ನೂ ಅವಳು ಅದೇ ಖಾರದಲ್ಲಿ ಹೇಳಿದಳು. ಆದರೆ ಮೆತ್ತನೆಯ ಯುವಕನ ತರಗತಿ ನಡೆಯುವ ದಿನ ಮಾತ್ರ ಆ ಕಡೆಯ ಓಣಿಯಲ್ಲಿ ಓಡಾಡುತ್ತಿರಲಿಲ್ಲ. ಮಾಕೆರೇತಾ ಅವಳನ್ನು ಮತ್ತೆ ಮಾತಾಡಿಸಲಿಲ್ಲ. ಆದರೂ ತನ್ನ ವಾರ್ಡಿಗೆ ಹೊಸ ಹುಡುಗಿಯರು ಬಂದಾಗ, "ಔಷಧಿ ಕೊಡೋವಾಗ ಇಬ್ಬರು ಸಹಿ ಹಾಕ್ಬೇಕು. ಒಬ್ಬಳೇ ಸಿಕ್ಕಿಹಾಕ್ಕೋಬೇಡಿ" ಎಂದು ಹೇಳಿಕೊಡುತ್ತಿದ್ದಳಂತೆ.

ಶಲೇಷ್ನಿ ಓದು ಮುಗಿಸಿದ ದಿನ ಸಿಂಗಟೋಕಾ ಬಸ್ ನಿಲ್ದಾಣದಲ್ಲಿ ಕೆಲೇರಾ ಸಿಕ್ಕಿದಳು. ಇಬ್ಬರೂ ಬೆಂಚಿನ ಮೇಲೆ ಕೂತು ಆಲೂಗಡ್ಡೆ ಪಲ್ಯದ ರೊಟ್ಟಿ ತಿಂದರು. ಹುಡುಗಿಗೆ ನದಿಯ ಮೇಲ್ಗಡೆಯ ಒಂದು ಸಣ್ಣ ಆರೋಗ್ಯ ಕೇಂದ್ರಕ್ಕೆ ಕೆಲಸವಾಗಿತ್ತು.

"ಸಿಸ್ಟರ್, ಒಂದು ಕೇಳ್ಲಾ? ಬೈಯಬಾರದು. ನಿಮ್ಮ ಸಿಟ್ಟು ಯಾವಾಗ್ಲಾದ್ರೂ ಇಳಿಯುತ್ತಾ?"

ಕೆಲೇರಾ ರೊಟ್ಟಿ ಅಗಿಯುತ್ತ ಯೋಚಿಸಿದಳು. "ಮೊನ್ನೆ ಇಳಿದಿತ್ತು. ಮರಗೆಣಸು ಸುಲೀತಾ ಕೂತಿದ್ದೆ, ಸಾಮಿಸೋನಿ ಮುಖ ಕಣ್ಮುಂದೆ ಬಂತು. ರೈಲಿಂದ ಇಳಿದು ಬರ್ತಾ ಇದ್ದ ಮುಖ, ಎಣ್ಣೆ ಮಸಿ ಬಳ್ಕೊಂಡು. ಇಷ್ಟು ವರ್ಷ ಹಾಸಿಗೆಯ ಮುಖವೇ ಬರ್ತಿತ್ತು. ಅರ್ಧ ದಿನ ಯಾರನ್ನೂ ಬೈಯಲಿಲ್ಲ."

"ಆಮೇಲೆ?"

"ಆಮೇಲೆ ಫೋನ್ ಬಂತು. ಮೇಲ್ಗಡೆ ಕೇಂದ್ರಗಳಿಗೆ ಮಾರ್ಫೀನ್ ಈ ಸಲವೂ ಹೋಗಿಲ್ಲವಂತೆ. ಔಷಧಿ ಗೋದಾಮಲ್ಲಿ ಇದೆಯಂತೆ, ಕಳಿಸೋಕೆ ಗಾಡಿ ಇಲ್ವಂತೆ." ಅವಳ ಮೂಗಿನ ಹೊಳ್ಳೆಗಳು ಅರಳಿದವು. "ಬಿಯರ್ ಒಯ್ಯೋಕೆ ಗಾಡಿ ಇದೆ! ಆ ರಸ್ತೇಲಿ ವಾರಕ್ಕೆರಡು ಸಲ ಬಿಯರ್ ಗಾಡಿ ಹೋಗುತ್ತೆ!"

ಶಲೇಷ್ನಿಯ ಕೈ ಬಾಯಿಯ ಹತ್ತಿರವೇ ನಿಂತಿತು. ಅವಳು ಹೋಗುತ್ತಿದ್ದುದು ಅಂಥದೇ ಕೇಂದ್ರಕ್ಕೆ. ತಿನ್ನುತ್ತಿದ್ದ ರೊಟ್ಟಿಯನ್ನು ಕಾಗದಕ್ಕೆ ಸುತ್ತಿ ಚೀಲಕ್ಕೆ ತುರುಕಿ, "ಗೋದಾಮು ಎಲ್ಲಿದೆ ಸಿಸ್ಟರ್?" ಎಂದಳು.

"ಮಾರ್ಕೆಟ್ ಹಿಂದೆ."

"ನಮ್ಮಪ್ಪನ ಬಸ್ಸು ಎರಡಕ್ಕೆ ಮೇಲ್ಗಡೆಗೆ ಹೊರಡುತ್ತೆ. ಒಂದು ಪೆಟ್ಟಿಗೆ ಹಿಡಿಯಲ್ವಾ ಅದರಲ್ಲಿ?"

ಕೆಲೇರಾ ಆಗಲೇ ಎದ್ದಿದ್ದಳು. ಇಬ್ಬರೂ ರಸ್ತೆ ದಾಟಿದರು. ಗೋದಾಮಿನ ಗುಮಾಸ್ತ ಊಟಕ್ಕೆ ಬಾಗಿಲು ಎಳೆದುಕೊಳ್ಳುತ್ತಿದ್ದವನು, ಬಿಸಿಲಿನಲ್ಲಿ ದಾಪುಗಾಲು ಹಾಕಿ ಬರುತ್ತಿರುವ ಇಬ್ಬರು ಹೆಂಗಸರನ್ನು ಕಂಡು, ಎಳೆಯುವುದನ್ನು ನಿಲ್ಲಿಸಿದ.